ಇಸ್ತ್ರಿ ಹಾಕಿದ ಕೂದಲು, ಮತ್ತೆ ತೊಳೆಯುವ ತನಕ

ಪ್ರೀತಿಯ ಮಗಳೇ,

ನಿನ್ನ ಸ್ಟೇಟಸ್ಸಿನ ಫೋಟೊ ನೋಡಿದೆ. ಚೆಂದ ಕಾಣುತ್ತೀಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿನ್ನ ಅವ್ವ ಫೋನಿನಲ್ಲಿ ಹೇಳಿದ್ದು ಕೇಳಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಆ ಬಿಸಿ ಮಷೀನು ಹಿಡಿಯುತ್ತೀಯಂತೆ. ಅದೂ ಬೇಜಾರಾಗಿ, ದೀಪಾವಳಿಯೊಳಗೆ ಪಾರ್ಲರಿನಲ್ಲಿ ಪರ್ಮನೆಂಟ್ ಸ್ಟ್ರೇಟನಿಂಗ್ ಮಾಡಿಸುತ್ತೀಯಂತೆ. ತಲೆ ನಿನ್ನದು, ದುಡಿದ ದುಡ್ಡೂ ನಿನ್ನದು. ಬೇಡ ಅನ್ನಲು ಈ ಪತ್ರ ಬರೆಯುತ್ತಿಲ್ಲ. ಬೆಂಗಳೂರು, ಹುಬ್ಬಳ್ಳಿ, ಗೋವಾ ಸೇರಿದ ನಮ್ಮ ಸಿದ್ದಿ ಹುಡುಗಿಯರು ಎಷ್ಟೋ ಜನ ಇದೇ ಯೋಚನೆಯಲ್ಲಿದ್ದಾರೆ. ಅವರೂ ಓದಲಿ ಅಂತ ಪತ್ರಿಕೆಗೇ ಕಳಿಸುತ್ತಿದ್ದೇನೆ.

ನಾವು ಚಿಕ್ಕವರಿದ್ದಾಗ ನಿನ್ನ ಅಜ್ಜಿ ಭಾನುವಾರ ನನ್ನ ಮತ್ತು ನಿನ್ನ ಅವ್ವನ ತಲೆ ತೊಳೆಯುತ್ತಿದ್ದಳು. ಯಲ್ಲಾಪುರದ ಕಾಡಂಚಿನ ಆ ಮನೆಗೆ ಆಗ ಶಾಂಪೂ ಬಂದಿರಲಿಲ್ಲ. ಮತ್ತಿಸೊಪ್ಪೋ ದಾಸವಾಳದ ಎಲೆಯೋ ಕಿತ್ತು ತಂದು, ನೀರಿನಲ್ಲಿ ಕಿವುಚಿ ಗೊಂಪು ತೆಗೆಯುತ್ತಿದ್ದಳು. ಅದನ್ನು ಹಚ್ಚಿದರೆ ಮಾತ್ರ ನಮ್ಮ ಕೂದಲಿನ ಸಿಕ್ಕು ಕಣ್ಣೀರು ತರಿಸದೆ ಬಿಡುತ್ತಿತ್ತು. ತುದಿಯಿಂದ ಶುರುಮಾಡಿ ಬುಡದ ಕಡೆಗೆ, ಬೆರಳಿನಿಂದಲೇ, ಒಂದೊಂದೇ ಎಳೆ. ಒಣಗಿದ ಕೂದಲಿಗೆ ಹಣಿಗೆ ಮುಟ್ಟಿಸುತ್ತಿರಲಿಲ್ಲ. ತಲೆ ತೊಳೆದು ಮುಗಿಯುವಾಗ ಹೊತ್ತು ನೆತ್ತಿಗೆ ಬಂದಿರುತ್ತಿತ್ತು. ಗದ್ದೆ ಕೆಲಸ ಬಿಟ್ಟು ಹೀಗೆ ಕೂತಿದ್ದಾಳಲ್ಲ ಅಂತ ಯಾರಾದರೂ ಅಂದರೆ ಅವಳು ಉತ್ತರವನ್ನೇ ಕೊಡುತ್ತಿರಲಿಲ್ಲ.

ಹಾಸ್ಟೆಲ್ ಸೇರಿದ ಮೇಲೆ ಆ ಕೈ ತಪ್ಪಿತು. ಎರಡು ಜಡೆ, ಕೆಂಪು ರಿಬ್ಬನ್, ಎಣ್ಣೆ ಹಾಕಿ ಅಂಟಿಸಿದ ತಲೆ ಅಲ್ಲಿಯ ನಿಯಮ. ನನ್ನ ಕೂದಲು ಭುಜದ ಮೇಲೆ ಇಳಿಬೀಳುವ ಜಾತಿಯದಲ್ಲ. ಅಲ್ಲಿಯ ಮೇಲ್ವಿಚಾರಕಿ ಒಂದು ದಿನ ಬಾಚಿ ಬಾಚಿ, ಹಲ್ಲು ಮುರಿದ ಹಣಿಗೆಯನ್ನು ನನ್ನ ಮುಂದೆ ಎಸೆದು, ಕತ್ತರಿ ತರಿಸಿ, ಗಂಡು ಹುಡುಗರ ಹಾಗೆ ಬೋಡು ಮಾಡಿಸಿದರು. ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತವರು ತಲೆ ಮುಟ್ಟಿ ನೋಡಿ ನಗುತ್ತಿದ್ದರು. ಇಷ್ಟು ವಯಸ್ಸಾದ ಮೇಲೂ ಹಿಂದಿನಿಂದ ಯಾರಾದರೂ ತಲೆ ಮುಟ್ಟಿದರೆ ನನ್ನ ಮೈ ಬಿಗಿಯಾಗುತ್ತದೆ.

ಧಾರವಾಡದಲ್ಲಿ ಬಿ.ಎಡ್. ಓದುವಾಗ ಬಸ್ಸಿನಲ್ಲಿ ಯಾವ ದೇಶ ಅಂತ ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. ಯಲ್ಲಾಪುರ ಅಂತ ಕನ್ನಡದಲ್ಲಿ ಹೇಳಿದರೆ ನಂಬುತ್ತಿರಲಿಲ್ಲ. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದವರು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ನಮ್ಮ ಹಿರಿಯರು. ಅವರ ಮಕ್ಕಳು, ಮೊಮ್ಮಕ್ಕಳು ಇದೇ ಮಣ್ಣಿನಲ್ಲಿ ಬಾಳಿ ಹೋದರು. ೧೯೮೭ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದವರು ಓಟಕ್ಕೆ ಅಂತ ನಮ್ಮ ಮಕ್ಕಳನ್ನು ಹುಡುಕಿಕೊಂಡು ಬಂದಾಗ ಈ ಮೈಕಟ್ಟು ಬೇಕಾಗಿತ್ತು. ೨೦೦೩ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ೨೦೨೦ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನಲ್ಲಿ ಕೂತರು. ಇಷ್ಟೆಲ್ಲ ಆದ ಮೇಲೂ ನಮ್ಮ ಕೂದಲನ್ನು ಮಾತ್ರ ರಿಪೇರಿ ಮಾಡಿಸಬೇಕಾದ ವಸ್ತುವಿನ ಹಾಗೆ ನೋಡುವುದು ನಿಂತಿಲ್ಲ. ನೀನೂ ಹಾಗೆ ನೋಡಲು ಶುರುಮಾಡಿದ್ದೀಯ ಅಂತ ನನಗೆ ಸಿಟ್ಟು.

ನಿನ್ನ ಅವ್ವ ಇದನ್ನು ನಿನಗೆ ಹೇಳಿರಲಾರಳು. ಗಂಡಿನ ಕಡೆಯವರು ಅವಳನ್ನು ನೋಡಲು ಬರುವ ಹಿಂದಿನ ರಾತ್ರಿ, ಗೆಳತಿಯ ಮಾತು ಕೇಳಿ, ಬೆಂಚಿನ ಮೇಲೆ ಕೂದಲು ಹಾಸಿ ಮೇಲೊಂದು ಬಟ್ಟೆ ಮುಚ್ಚಿ ಕೆಂಡದ ಇಸ್ತ್ರಿ ಪೆಟ್ಟಿಗೆ ಎಳೆಸಿಕೊಂಡಿದ್ದಳು. ಮನೆಯೆಲ್ಲ ಸುಟ್ಟ ವಾಸನೆ. ಅದು ಮಳೆಗಾಲ. ಬೆಳಗಾಗುವಷ್ಟರಲ್ಲಿ ಕೂದಲು ತನ್ನ ಸುರುಳಿಗೆ ತಾನು ಮರಳಿತ್ತು. ಕಿವಿಯ ಮೇಲಿನ ಒಂದು ಹಿಡಿ ಮಾತ್ರ ಸುರುಳಿಯೂ ಆಗದೆ, ನೆಟ್ಟಗೂ ನಿಲ್ಲದೆ, ಮುಟ್ಟಿದರೆ ತುಂಡಾಗಿ ಕೈಗೆ ಬರುತ್ತಿತ್ತು. ಬಂದವರೂ ಸಿದ್ದಿಗಳೇ. ನಿನ್ನ ಅಪ್ಪನ ತಲೆಯಲ್ಲೂ ಅದೇ ಗುಂಗುರು. ಹಾಗಾದರೆ ಅವಳು ಸುಟ್ಟುಕೊಂಡಿದ್ದು ಯಾರಿಗಾಗಿ?

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳಾಗಿ ಆ ರಾತ್ರಿ ಏನಾಯಿತು ಅಂತ ಈಗ ಹೇಳಬಲ್ಲೆ. ಕೂದಲು ಅಂದರೆ ಕೆರಾಟಿನ್ ಎಂಬ ಪ್ರೋಟೀನು. ಅದರ ಎಳೆಗಳನ್ನು ಹಿಡಿದಿಡುವ ಬಂಧಗಳಲ್ಲಿ ಹೈಡ್ರೋಜನ್ ಬಂಧ ದುರ್ಬಲ. ಬಿಸಿಗೆ ಬಿಡುತ್ತದೆ, ತಣ್ಣಗಾದಾಗ ಹೊಸ ಆಕಾರದಲ್ಲಿ ಕೂರುತ್ತದೆ, ನೀರಿನ ಪಸೆ ತಗುಲಿದರೆ ಮತ್ತೆ ಹಳೆಯ ಸುರುಳಿಗೆ ಹೋಗುತ್ತದೆ. ಬೆಂಗಳೂರಿನ ಜಡಿಮಳೆಯಲ್ಲಿ ನಿನ್ನ ಕೂದಲು ಉಬ್ಬುವುದು ಇದಕ್ಕೇ. ನೀನು ಉಬ್ಬಿದ ಕೂಡಲೇ ಮತ್ತೆ ಮಷೀನು ಹಿಡಿಯುತ್ತೀಯಲ್ಲ, ಹಾಳಾಗುವುದು ಅಲ್ಲಿ. ಒಂದೇ ಎಳೆಗೆ ದಿನಾ ಬಿಸಿ ತಾಗಿದರೆ ಪ್ರೋಟೀನೇ ಕೆಟ್ಟು, ತೊಳೆದ ಮೇಲೂ ಸುರುಳಿ ವಾಪಸು ಬರುವುದಿಲ್ಲ.

ಆದ್ದರಿಂದ ನೇರ ಮಾಡಿಕೊಳ್ಳುವುದಾದರೆ ತೊಳೆದ ದಿನ ಒಂದೇ ಸಲ ಮಾಡಿಕೋ, ಪೂರ್ತಿ ಒಣಗಿದ ಕೂದಲಿಗೆ. ಚುರ್ ಅಂತ ಸದ್ದು ಬಂದರೆ ಒಳಗಿನ ನೀರು ಕುದಿಯುತ್ತಿದೆ ಅಂತ ಅರ್ಥ. ೧೮೦ ಡಿಗ್ರಿ ದಾಟಿಸಬೇಡ. ಬಿಸಿ ತಡೆಯುವ ಕ್ರೀಮು ಮೊದಲೇ ಹಚ್ಚಿರಬೇಕು. ಆಮೇಲೆ ಮುಂದಿನ ತೊಳೆಯುವ ದಿನದವರೆಗೆ ಕಾಯುವ ಕೆಲಸವೆಲ್ಲ ರಾತ್ರಿಯದು. ಮಲಗುವ ಮೊದಲು ಕೂದಲನ್ನು ತಲೆಯ ಸುತ್ತ ಒಂದೇ ದಿಕ್ಕಿಗೆ ಚಪ್ಪಟೆಯಾಗಿ ಸುತ್ತಿ, ರೇಷ್ಮೆ ಅಥವಾ ಸ್ಯಾಟಿನ್ ಬಟ್ಟೆ ಕಟ್ಟು. ಹತ್ತಿಯ ದಿಂಬು ಕೂದಲನ್ನು ಉಜ್ಜುತ್ತದೆ, ಇದ್ದ ಜಿಡ್ಡನ್ನೂ ಹೀರುತ್ತದೆ. ಸ್ನಾನಕ್ಕೆ ಹೋಗುವಾಗ ಪ್ಲಾಸ್ಟಿಕ್ ಟೊಪ್ಪಿ ಹಾಕು. ಬಕೆಟ್ಟಿನ ಬಿಸಿನೀರಿನ ಹಬೆಯೇ ಸಾಕು ಕೂದಲು ಉಬ್ಬಲು. ಬೆವರಿದರೆ ಹಣೆಯ ಮೇಲೆ ಬಟ್ಟೆ ಕಟ್ಟಿಕೊಂಡು ಫ್ಯಾನಿನ ಕೆಳಗೆ ಕೂತು ಆರಿಸಿಕೋ. ಎಣ್ಣೆ ಎರಡು ಹನಿ, ತುದಿಗೆ ಮಾತ್ರ. ಗುಂಗುರು ಕೂದಲಿನಲ್ಲಿ ನೆತ್ತಿಯ ಜಿಡ್ಡು ಸುರುಳಿ ಇಳಿದು ತುದಿ ಮುಟ್ಟುವುದಿಲ್ಲ, ಅದಕ್ಕೇ ತುದಿ ಒಣಗುವುದು. ಎಣ್ಣೆ ಸುರಿದ ಕೂದಲಿನ ಮೇಲೆ ಮಷೀನು ಎಳೆಯುವ ಹುಚ್ಚು ಕೆಲಸ ಮಾತ್ರ ಮಾಡಬೇಡ. ತೆಂಗಿನೆಣ್ಣೆ ತಲೆ ತೊಳೆಯುವ ಮೊದಲು ಹಚ್ಚಲಿಕ್ಕೆ ಒಳ್ಳೆಯದು, ಪ್ರೋಟೀನು ಸೋರುವುದನ್ನು ಕಡಿಮೆ ಮಾಡುತ್ತದೆ. ಬಿಗಿಯಾದ ಪೋನಿಟೇಲ್ ದಿನಾ ಹಾಕಿದರೆ ಕಿವಿಯ ಮುಂದಿನ ಕೂದಲು ಉದುರಿ ಜಾಗ ಬೋಳಾಗುತ್ತದೆ. ಮೂರ್ನಾಲ್ಕು ದಿನಕ್ಕೆ ಬುಡ ಉಬ್ಬಿತೋ, ಉಬ್ಬಲಿ ಬಿಡು. ತುರುಬು ಕಟ್ಟಿಕೊಂಡು ಆಫೀಸಿಗೆ ಹೋಗು.

ಪರ್ಮನೆಂಟಿನ ಮಾತೇ ಬೇರೆ. ಅದು ಮುರಿಯುವುದು ಗಂಧಕದ ಬಂಧ. ನೀರು ಹಾಕಿದರೆ ವಾಪಸು ಬರುವಂಥದ್ದಲ್ಲ. ಬುಡದಿಂದ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಹೊಸ ಕೂದಲು ಬರುತ್ತದೆ, ಅದು ಗುಂಗುರೇ. ಗುಂಗುರು ಮುಗಿದು ನೇರ ಶುರುವಾಗುವ ಜಾಗದಲ್ಲೇ ಕೂದಲು ತುಂಡಾಗುವುದು. ಆಗ ಮತ್ತೆ ಪಾರ್ಲರು, ಮತ್ತೆ ಮದ್ದು. ನಮ್ಮಂಥದೇ ಕೂದಲಿನ ಅಮೆರಿಕದ ಕಪ್ಪು ಹೆಂಗಸರು ನೂರು ವರ್ಷಕ್ಕಿಂತ ಹೆಚ್ಚು ಕಾಲ ಈ ದಾರಿಯಲ್ಲಿ ನಡೆದಿದ್ದಾರೆ. ೧೯೧೯ರಲ್ಲಿ ತೀರಿಕೊಂಡ ಮೇಡಂ ಸಿ. ಜೆ. ವಾಕರ್ ಈ ಹೆಂಗಸರಿಗೆ ಕೂದಲಿನ ಸಾಮಾನು ಮಾರಿಯೇ ದೊಡ್ಡ ಶ್ರೀಮಂತೆಯಾದವರು. ರಾತ್ರಿ ತಲೆ ಸುತ್ತಿ ಬಟ್ಟೆ ಕಟ್ಟುವ ಈ ಕ್ರಮವೂ ಅವರ ಮನೆಗಳಲ್ಲಿ ಅಮ್ಮಂದಿರಿಂದ ಹೆಣ್ಣುಮಕ್ಕಳಿಗೆ ಬಂದದ್ದು. ಅಲ್ಲಿ ೩೩ ಸಾವಿರಕ್ಕೂ ಹೆಚ್ಚು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು ೨೦೨೨ರಲ್ಲಿ ಪ್ರಕಟವಾಯಿತು. ಕೂದಲು ನೇರ ಮಾಡುವ ರಾಸಾಯನಿಕವನ್ನು ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರಿನ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚು ಕಂಡುಬಂತು. ಕಾರಣ ಅದೇ ಅಂತ ಅಧ್ಯಯನ ಸಾಧಿಸಿ ತೋರಿಸಿಲ್ಲ, ನಾನೂ ಹೆದರಿಸಲು ಹೇಳುತ್ತಿಲ್ಲ. ಆದರೆ ಗೊತ್ತಿದ್ದೂ ಹೇಳದೆ ಇರುವುದು ನನ್ನಿಂದ ಆಗದು. ೨೦೧೯ರಲ್ಲಿ ಕ್ಯಾಲಿಫೋರ್ನಿಯಾದವರು ಹುಟ್ಟಿನಿಂದ ಬಂದ ಕೂದಲಿನ ಕಾರಣಕ್ಕೆ ಶಾಲೆಯಲ್ಲಾಗಲಿ ಕೆಲಸದಲ್ಲಾಗಲಿ ಯಾರನ್ನೂ ಬೇರೆ ಮಾಡಬಾರದು ಅಂತ ಕಾಯಿದೆಯನ್ನೇ ತಂದರು. ಆ ಕಾಯಿದೆ ನಮ್ಮ ಹಾಸ್ಟೆಲಿನಲ್ಲಿ ಇದ್ದಿದ್ದರೆ ಅಂತ ಎಷ್ಟೋ ಸಲ ಯೋಚಿಸಿದ್ದೇನೆ.

ಓದುತ್ತ ನಿನ್ನ ಮುಖ ಸಣ್ಣದಾಗಿರಬಹುದು. ಮೌಶಿ ಬೈಯಲಿಕ್ಕೇ ಕೂತಿದ್ದಾಳೆ ಅಂದುಕೊಳ್ಳಬೇಡ. ಇಂಟರ್‌ವ್ಯೂಗೆ ಹೋಗುವಾಗ, ಎಲ್ಲರ ಕಣ್ಣು ಮೊದಲು ತಲೆಯ ಮೇಲೆ ಬೀಳುತ್ತದೆ ಅಂತ ಗೊತ್ತಿದ್ದಾಗ, ನೇರ ಕೂದಲು ಎಷ್ಟು ಧೈರ್ಯ ಕೊಡುತ್ತದೆ ಅಂತ ನನಗೆ ತಿಳಿಯದೆ ಇಲ್ಲ. ಆ ಧೈರ್ಯಕ್ಕಾಗಿ ಒಂದು ಸಲ ಬಿಸಿ ಮುಟ್ಟಿಸಿದರೆ ನಾನೇನೂ ಅನ್ನುವುದಿಲ್ಲ. ತಿಂಗಳಲ್ಲಿ ಒಂದೆರಡು ವಾರ ನೇರ ಇರಲಿ, ಉಳಿದ ದಿನ ಅದರ ಪಾಡಿಗೆ ಬಿಡು. ಪಾರ್ಲರಿಗೆ ಫೋನು ಮಾಡಿ ದೀಪಾವಳಿಯ ಬುಕಿಂಗ್ ಮುಂದೂಡು. ಕ್ಯಾನ್ಸಲ್ ಮಾಡು ಅನ್ನುತ್ತಿಲ್ಲ, ಮುಂದೂಡು. ಹಬ್ಬಕ್ಕೆ ಊರಿಗೆ ಬಾ. ದಾಸವಾಳದ ಗಿಡ ಅಂಗಳದಲ್ಲೇ ಇದೆ, ಗೊಂಪು ನಾನು ತೆಗೆಯುತ್ತೇನೆ, ಸಿಕ್ಕು ಬಿಡಿಸಲು ಬೇಕಾದಷ್ಟು ಹೊತ್ತು ನನಗಿದೆ. ಆಮೇಲೂ ನಿನಗೆ ಮಾಡಿಸಲೇಬೇಕು ಅನಿಸಿದರೆ ಹುಬ್ಬಳ್ಳಿಯ ಚರ್ಮದ ಡಾಕ್ಟರ ಹತ್ತಿರ ಮೊದಲು ಹೋಗೋಣ, ನಾನೂ ಜೊತೆಗೆ ಬರುತ್ತೇನೆ.

ಕೆಂಪು ಸ್ಯಾಟಿನ್ ಬಟ್ಟೆಯ ಟೊಪ್ಪಿಯೊಂದನ್ನು ಹೊಲಿದು ನಿನ್ನ ತಮ್ಮನ ಕೈಯಲ್ಲಿ ಕಳಿಸಿದ್ದೇನೆ. ರಾತ್ರಿ ಹಾಕಿಕೊಂಡು ಮಲಗು. ಇಲಾಸ್ಟಿಕ್ ಹಣೆಗೆ ಒತ್ತಿದರೆ ಹೇಳು, ಸಡಿಲ ಮಾಡಿ ಇನ್ನೊಂದು ಹೊಲಿಯುತ್ತೇನೆ.

ನಿನ್ನ
ಮೌಶಿ