ದಿನಕ್ಕೊಂದು ಫ್ರ್ಯಾಕ್ಟಲ್: ಹವ್ಯಾಸ ಕೈಹಿಡಿಯಲು ಒಂಬತ್ತು ಸೂತ್ರಗಳು

ಒಂದು ಸಂಖ್ಯೆಯನ್ನು ವರ್ಗ ಮಾಡಿ, ಅದಕ್ಕೆ ಇನ್ನೊಂದನ್ನು ಕೂಡಿಸಿ, ಬಂದ ಉತ್ತರವನ್ನು ಮತ್ತೆ ವರ್ಗ ಮಾಡಿ, ಮತ್ತೆ ಕೂಡಿಸಿ. ಲೆಕ್ಕ ಇಷ್ಟೇ. 1980ರಲ್ಲಿ ಅಮೆರಿಕದ ಐಬಿಎಂ ಸಂಶೋಧನಾ ಕೇಂದ್ರದಲ್ಲಿದ್ದ ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್ ಈ ಲೆಕ್ಕವನ್ನು ಕಂಪ್ಯೂಟರಿಗೆ ಕೊಟ್ಟು ಚಿತ್ರ ತೆಗೆದರು. ಹೀಗೆ ಒಳಗೆ ಹೋದಷ್ಟೂ ಹೊಸ ವಿವರ ಸಿಗುವ ಚಿತ್ರವೇ ಫ್ರ್ಯಾಕ್ಟಲ್. ಅಂದು ದೊಡ್ಡ ಯಂತ್ರಗಳಿಗಷ್ಟೇ ಆಗುತ್ತಿದ್ದ ಆ ಕೆಲಸ ಇಂದು ಹಳೆಯ ಲ್ಯಾಪ್‌ಟಾಪಿನಲ್ಲೂ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಹಾಗಾಗಿ ಯಂತ್ರ ಈಗ ಸಮಸ್ಯೆಯಲ್ಲ. ದಿನವೂ ಕೂತು ಒಂದು ಒಳ್ಳೆಯ ಚಿತ್ರ ಹುಡುಕುವ ಶಿಸ್ತು ಬೇಕು, ಹುಡುಕಿದ್ದನ್ನು ದಾರಿ ಸಮೇತ ಹಂಚುವ ಮನಸ್ಸು ಬೇಕು.

1. ಮೊದಲು ಒಂದೇ ತಂತ್ರಾಂಶ ಹಿಡಿಯಿರಿ. ಕ್ಸಾವೋಸ್ ಉಚಿತವಾಗಿ ಸಿಗುತ್ತದೆ. ಮೌಸ್‌ನ ಎಡಗುಂಡಿ ಒತ್ತಿದರೆ ಚಿತ್ರದ ಒಳಕ್ಕೆ, ಬಲಗುಂಡಿ ಒತ್ತಿದರೆ ಹೊರಕ್ಕೆ. ‘ಪಿ’ ಕೀಲಿ ಒತ್ತಿದರೆ ಬಣ್ಣ ಬದಲಾಗುತ್ತದೆ. ಜ್ವಾಲೆಯಂಥ ಚಿತ್ರಗಳಿಗೆ ಅಪೋಫಿಸಿಸ್, ಮೂರು ಆಯಾಮದ್ದಕ್ಕೆ ಮ್ಯಾಂಡೆಲ್‌ಬಲ್ಬರ್ ಇವೆ. ಅವು ಆಮೇಲೆ.

2. ಗೊತ್ತಿರುವ ಜಾಗದಿಂದ ಹೊರಡಿ. ಕಂಡಕಂಡಲ್ಲಿ ಝೂಮ್ ಮಾಡುತ್ತ ಹೋದರೆ ಸಂಜೆ ಮುಗಿಯುತ್ತದೆ, ಚಿತ್ರ ಸಿಗುವುದಿಲ್ಲ. ಮ್ಯಾಂಡೆಲ್‌ಬ್ರಾಟ್ ಆಕೃತಿಯಲ್ಲಿ ದೊಡ್ಡ ಹೃದಯಾಕಾರ ಮತ್ತು ಅದರ ಎಡಕ್ಕಿರುವ ವೃತ್ತದ ನಡುವೆ ಒಂದು ಕಣಿವೆ ಇದೆ, ಹೆಸರು ಕಡಲಕುದುರೆ ಕಣಿವೆ. ಅಡ್ಡಕ್ಕೆ -0.75, ಮೇಲಕ್ಕೆ 0.1, ಇದೇ ಅದರ ಬಾಗಿಲು. ಅಲ್ಲಿಂದ ಇಳಿದರೆ ಬಾಲ ಸುರುಳಿ ಸುತ್ತಿದ ಆಕಾರಗಳು ಸಾಲುಸಾಲಾಗಿ ಸಿಗುತ್ತವೆ.

ಈ ಬಾಗಿಲಲ್ಲೇ ಇನ್ನೊಂದು ಅಚ್ಚರಿ ಇದೆ. ಮೇಲಿನ ಲೆಕ್ಕದಲ್ಲಿ ಪ್ರತಿ ಸಲ ಕೂಡಿಸುವ ಸಂಖ್ಯೆಯೇ ಚಿತ್ರದ ಒಂದು ಬಿಂದು. ಉತ್ತರದ ಅಳತೆ 2ನ್ನು ದಾಟಿದರೆ ಆ ಬಿಂದು ‘ತಪ್ಪಿಸಿಕೊಂಡಿತು’ ಎಂದರ್ಥ. -0.75ರ ನೇರಕ್ಕೆ 0.1 ಎತ್ತರದ ಬಿಂದು 33 ಸುತ್ತಿಗೆ ತಪ್ಪಿಸಿಕೊಳ್ಳುತ್ತದೆ. 0.01 ಎತ್ತರದ್ದು 315 ಸುತ್ತಿಗೆ, 0.001 ಎತ್ತರದ್ದು 3143 ಸುತ್ತಿಗೆ. ಸುತ್ತಿನ ಎಣಿಕೆಯನ್ನು ಎತ್ತರದಿಂದ ಗುಣಿಸಿ ನೋಡಿ: 3.3, 3.15, 3.143. ವೃತ್ತವೇ ಇಲ್ಲದ ಲೆಕ್ಕದಲ್ಲಿ ‘ಪೈ’ ಬಂದು ನಿಂತಿದೆ! ಡೇವಿಡ್ ಬೋಲ್ ಎಂಬುವರು 1991ರಲ್ಲಿ ಇದನ್ನು ಗಮನಿಸಿದರು. ಚಿತ್ರ ಮಾಡುವವರು ಒಮ್ಮೆಯಾದರೂ ಈ ಗುಣಾಕಾರವನ್ನು ತಾವೇ ಮಾಡಿ ನೋಡಬೇಕು. ಆಮೇಲೆ ಬಣ್ಣದ ಒಂದೊಂದು ಪಟ್ಟಿಯೂ ಒಂದೊಂದು ಎಣಿಕೆ ಎಂಬುದು ಮನಸ್ಸಿನಲ್ಲಿ ನಿಲ್ಲುತ್ತದೆ.

3. ಸುತ್ತುಗಳ (ಇಟರೇಷನ್) ಮಿತಿ ಏರಿಸಿ. ಆಳಕ್ಕೆ ಇಳಿದಾಗ ಚಿತ್ರದ ನಡುವೆ ದಟ್ಟ ಕಪ್ಪು ಮಚ್ಚೆ ಕಂಡರೆ ಹಲವು ಸಲ ಅದು ನಿಜವಾದ ಕಪ್ಪಲ್ಲ. ಲೆಕ್ಕ ಅರ್ಧಕ್ಕೇ ನಿಂತಿರುತ್ತದೆ. ಇಟರೇಷನ್ ಮಿತಿಯನ್ನು ಎರಡು ಪಟ್ಟು ಮಾಡಿ. ಮಚ್ಚೆ ಕರಗಿ ಸುರುಳಿಗಳು ಮೂಡುತ್ತವೆ.

4. ಅರ್ಧ ಸಮಯ ಬಣ್ಣಕ್ಕೆ ಕೊಡಿ. ಆಕಾರ ಸಮೀಕರಣದ್ದು, ಬಣ್ಣ ನಿಮ್ಮದು. ಕಲೆ ಶುರುವಾಗುವುದೇ ಇಲ್ಲಿ. ಕಾಮನಬಿಲ್ಲಿನ ಏಳೂ ಬಣ್ಣ ಸುರಿದ ಚಿತ್ರಗಳು ಮೊದಲ ನೋಟಕ್ಕೆ ಸೆಳೆಯುತ್ತವೆ, ಮರುದಿನಕ್ಕೆ ಉಳಿಯುವುದಿಲ್ಲ. ಮೂರು ಅಥವಾ ನಾಲ್ಕು ಬಣ್ಣ ಸಾಕು. ಮನೆಯಲ್ಲಿ ಇಳಕಲ್ ಸೀರೆ ಇದ್ದರೆ ಫೋಟೊ ತೆಗೆದು ಒಡಲಿನ ಗಾಢ ಬಣ್ಣ, ಸೆರಗಿನ ಕೆಂಪು, ಅದರೊಳಗಿನ ಬಿಳಿ, ಈ ಮೂರನ್ನೇ ಪ್ಯಾಲೆಟ್ ಮಾಡಿ. ನೇಕಾರರು ಕಣ್ಣಳತೆಯಲ್ಲಿ ಹೊಂದಿಸಿದ ಬಣ್ಣಗಳು ಅವು, ಮೋಸ ಮಾಡುವುದಿಲ್ಲ. ಇನ್ನೊಂದು ಮಾತು: ಗಡಿಯ ಹತ್ತಿರ ಎಣಿಕೆ ಒಂದು ಪಿಕ್ಸೆಲಿನಿಂದ ಪಕ್ಕದ್ದಕ್ಕೆ ಜಿಗಿಯುತ್ತದೆ. ಬಣ್ಣದ ಚಕ್ರ ವೇಗವಾಗಿ ತಿರುಗಿದರೆ ಅಲ್ಲಿ ಮರಳು ಚೆಲ್ಲಿದ ಹಾಗೆ ಕಾಣುತ್ತದೆ. ಚಕ್ರ ನಿಧಾನವಾಗಲಿ.

5. ಸುರುಳಿಯ ಕೇಂದ್ರವನ್ನು ಚೌಕಟ್ಟಿನ ಮಧ್ಯದಿಂದ ತುಸು ಸರಿಸಿ. ಕಣ್ಣಿಗೆ ಓಡಾಡಲು ಜಾಗ ಸಿಗುತ್ತದೆ.

6. ಚಿತ್ರದ ಜೊತೆ ಪ್ಯಾರಾಮೀಟರ್ ಉಳಿಸಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಡಾಸ್ ಕಾಲದ ಪ್ರಸಿದ್ಧ ಫ್ರ್ಯಾಕ್ಟಿಂಟ್ ತಂತ್ರಾಂಶ ಇಡೀ ಚಿತ್ರವನ್ನು ಕೆಲವೇ ಸಾಲುಗಳ ಪಠ್ಯದಲ್ಲಿ ಬರೆದಿಡುತ್ತಿತ್ತು: ಸೂತ್ರ, ಸ್ಥಾನ, ಮಿತಿ, ಬಣ್ಣ. ಅಷ್ಟಿದ್ದರೆ ಯಾವಾಗ ಬೇಕಾದರೂ, ಎಷ್ಟು ದೊಡ್ಡದಾಗಿ ಬೇಕಾದರೂ ಮತ್ತೆ ತೆಗೆಯಬಹುದು. ಗೆಳೆಯರೊಬ್ಬರು ಎ3 ಅಳತೆಯಲ್ಲಿ ಮುದ್ರಿಸಿ ಗೋಡೆಗೆ ಹಾಕುತ್ತೇನೆ ಎಂದರೆ ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 4961 × 3508 ಪಿಕ್ಸೆಲ್ ಬೇಕು. ಪ್ಯಾರಾಮೀಟರ್ ಇದ್ದವರಿಗೆ ಅದು ಸುಲಭ. ಬರೀ ಸ್ಕ್ರೀನ್‌ಶಾಟ್ ಇಟ್ಟುಕೊಂಡವರಿಗೆ ದಾರಿಯಿಲ್ಲ.

7. ಬೇಕಾದದ್ದಕ್ಕಿಂತ ಎರಡು ಪಟ್ಟು ದೊಡ್ಡದಾಗಿ ರೆಂಡರ್ ಮಾಡಿ, ಆಮೇಲೆ ಕುಗ್ಗಿಸಿ. ಎಳೆಗಳು ನಯವಾಗುತ್ತವೆ. ಪಿಎನ್‌ಜಿಯಲ್ಲಿ ಉಳಿಸಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಸೂಕ್ಷ್ಮ ಗೆರೆಗಳು ಮಸುಕಾಗುತ್ತವೆ, ಡಾಕ್ಯುಮೆಂಟ್ ಎಂದು ಕಳಿಸಿ.

8. ಏನೂ ಹೊಳೆಯದ ದಿನ ಜೂಲಿಯಾ ಕಡೆ ತಿರುಗಿ. ಮ್ಯಾಂಡೆಲ್‌ಬ್ರಾಟ್ ಚಿತ್ರದ ಪ್ರತಿ ಬಿಂದುವಿಗೂ ತನ್ನದೇ ಒಂದು ಜೂಲಿಯಾ ಚಿತ್ರವಿದೆ. ಕ್ಸಾವೋಸ್‌ನಲ್ಲಿ ಬಿಂದುವಿನ ಮೇಲೆ ಮೌಸ್ ಇಟ್ಟು ‘ಎಂ’ ಒತ್ತಿದರೆ ಅದು ಎದುರಿಗೆ ಬರುತ್ತದೆ. ಫ್ರಾನ್ಸಿನ ಗಸ್ತೋ ಜೂಲಿಯಾ ಇವುಗಳ ಬಗ್ಗೆ ದೊಡ್ಡ ಪ್ರಬಂಧ ಪ್ರಕಟಿಸಿದ್ದು 1918ರಲ್ಲಿ, ಕಂಪ್ಯೂಟರುಗಳು ಹುಟ್ಟುವ ಮೊದಲು. ಆತ ತರ್ಕದಿಂದ ಕಂಡದ್ದನ್ನು ನಾವು ಕಣ್ಣಾರೆ ನೋಡುತ್ತಿದ್ದೇವೆ.

9. ಹಂಚುವಾಗ ವಿಳಾಸ ಕೊಡಿ. ಎಐಗೆ ನಾಲ್ಕು ಮಾತು ಹೇಳಿದರೆ ಫ್ರ್ಯಾಕ್ಟಲ್‌ನಂಥ ಚಿತ್ರ ಕೊಡುತ್ತದೆ, ಆದರೆ ಅದರೊಳಗೆ ಝೂಮ್ ಮಾಡಿ ಹೋಗಲು ಜಾಗವಿಲ್ಲ. ನಿಜವಾದ ಫ್ರ್ಯಾಕ್ಟಲ್ ಸಂಖ್ಯೆಗಳ ಲೋಕದಲ್ಲಿ ಇರುವ ಒಂದು ಸ್ಥಳ. ನಿಮ್ಮ ಅಂಕಿಗಳನ್ನು ಟೈಪ್ ಮಾಡಿದ ಯಾರೇ ಆಗಲಿ ಅದೇ ಸುರುಳಿಯ ಮುಂದೆ ಬಂದು ನಿಲ್ಲುತ್ತಾರೆ, ಅಲ್ಲಿಂದ ನೀವು ಕಾಣದ ಕಡೆಗೂ ಹೋಗುತ್ತಾರೆ. ಬೇರೆಯವರು ಕೊಟ್ಟ ವಿಳಾಸದಿಂದ ನೀವು ಹೊರಟಿದ್ದರೆ ಅವರ ಹೆಸರನ್ನೂ ಬರೆಯಿರಿ.

ಇವತ್ತು ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಕೂರಿ. -0.75, 0.1ರಿಂದ ಹೊರಟು ಒಂದೇ ಚಿತ್ರ ಆರಿಸಿ, ಹೇಗೆ ತೆಗೆದಿರಿ ಎಂಬುದನ್ನು ಅದರ ಕೆಳಗೆ ಕನ್ನಡದಲ್ಲಿ ಬರೆದು ಯಾರಿಗಾದರೂ ಕಳಿಸಿ.