ಮೊದಲು ಗಾಲಿ ಅಳೆ, ಆಮೇಲೆ ದುಡ್ಡು ಬಿಚ್ಚು

ನೋಡಪ್ಪಾ, ಬೆಂಗಳೂರು-ಮೈಸೂರು ದಾರಿ ಬ್ರಾಡ್ ಗೇಜ್ ಆದದ್ದೇ ನೀನು ಹುಟ್ಟುವ ಮುಂಚೆ. ಆದರೂ ಮೀಟರ್ ಗೇಜಿನ ವೈಪಿ ದರ್ಜೆಯ ಉಗಿ ಎಂಜಿನ್ನೇ ಬೇಕು, ಅದೂ ಮೇಜಿನ ಮೇಲೆ ಓಡಬೇಕು ಅಂತ ಹಟ ಹಿಡಿದಿದ್ದೀಯಲ್ಲ, ನನಗೆ ಇದಕ್ಕಿಂತ ಸಂತೋಷ ಬೇರೆ ಇಲ್ಲ. 1949ರಿಂದ 1970ರವರೆಗೆ 871 ವೈಪಿಗಳು ತಯಾರಾದವು. ಆದರೂ ಅದರ ಮಾದರಿ ಅಂಗಡಿಯಲ್ಲಿ ಸುಲಭಕ್ಕೆ ಸಿಗೋದಿಲ್ಲ, ಹಿತ್ತಾಳೆಯಲ್ಲಿ ಮಾಡಿಸೋಣ ಅಂದರೆ ನಿನ್ನ ಸಂಬಳ ಸಾಲದು. ಸಿದ್ಧ ಎಂಜಿನ್ ಒಂದನ್ನು ಕೊಂಡು ಮೇಲಿನ ಕವಚ ಮಾತ್ರ ಬದಲಿಸುವ ನಿನ್ನ ಯೋಚನೆ ಸರಿಯಾಗೇ ಇದೆ. ಯಾವುದನ್ನು ಕೊಳ್ಳಬೇಕು ಅನ್ನೋದೇ ಪ್ರಶ್ನೆ.

ಅಂದ ನೋಡಿ ಮರುಳಾಗಬೇಡ. ಕವಚ ಹೇಗಿದ್ದರೂ ಕಿತ್ತು ಹಾಕುವುದೇ. ನೀನು ಕೊಳ್ಳುತ್ತಿರುವುದು ಗಾಲಿ, ಮೋಟಾರು, ಗೇರು ಅಷ್ಟೆ. ಜಗತ್ತಿನಲ್ಲಿ ಹೆಚ್ಚು ಮಾರಾಟವಾಗುವ ಮಾದರಿ ರೈಲುಗಳ ಹಳಿಯ ಅಗಲ 16.5 ಮಿಲಿಮೀಟರ್. ಅದನ್ನೇ ನಮ್ಮ ಮೀಟರ್ ಗೇಜ್ ಅಂದುಕೋ. ಮೀಟರ್ ಗೇಜಿನ ಅಗಲವಾದ ಸಾವಿರ ಮಿಲಿಮೀಟರನ್ನು ಹದಿನಾರೂವರೆಯಿಂದ ಭಾಗಿಸಿದರೆ ಸುಮಾರು 60.6 ಬರುತ್ತದೆ. ಅಂದರೆ ನಿನ್ನ ಎಂಜಿನ್ ನಿಜದ್ದರ ಸುಮಾರು ಅರವತ್ತರಲ್ಲೊಂದು ಪಾಲು. ವೈಪಿಯ ದೊಡ್ಡ ಚಕ್ರದ ವ್ಯಾಸ 1372 ಮಿಲಿಮೀಟರ್. ನಿನಗೆ ಬೇಕಾದ ಗಾಲಿ 22.6.

ಈಗ ನೋಡು ಸೊಗಸು. ಜರ್ಮನಿಯ 01 ದರ್ಜೆಯ ಎಕ್ಸ್‌ಪ್ರೆಸ್ ಎಂಜಿನ್ನಿಗೂ ವೈಪಿಯಂತೆಯೇ ಮುಂದೆ ನಾಲ್ಕು ಚಿಕ್ಕ ಗಾಲಿ, ನಡುವೆ ಆರು ದೊಡ್ಡವು, ಹಿಂದೆ ಎರಡು. ಅದರ ದೊಡ್ಡ ಚಕ್ರ 2000 ಮಿಲಿಮೀಟರ್, ಮಾದರಿಯ ಅಳತೆ 1:87. ಲೆಕ್ಕ ಹಾಕಿದರೆ 23 ಮಿಲಿಮೀಟರ್. ಅರ್ಧ ಮಿಲಿಮೀಟರಿನ ವ್ಯತ್ಯಾಸವೂ ಇಲ್ಲ! ಹಾರ್ನ್‌ಬಿ ಕಂಪನಿಯ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಎಂಜಿನ್ ಮೇಲೆ ನಿನಗೆ ಕಣ್ಣಿದೆ, ಗೊತ್ತು. ಅದು 1:76ರ ಮಾದರಿ, ಗಾಲಿ 26 ಮಿಲಿಮೀಟರ್ ದಾಟುತ್ತದೆ. ವೈಪಿ ಅದರ ಮೇಲೆ ಮರಗಾಲು ಕಟ್ಟಿಕೊಂಡ ಹಾಗೆ ಕಾಣುತ್ತದೆ. ಬೇಡ.

ಆ 01ರ ಹಳೆಯ ಮಾದರಿಯನ್ನೇ ಕೊಳ್ಳು. ಚಿಮಣಿ ಮುರಿದದ್ದು, ಬಣ್ಣ ಹೋದದ್ದು, ಕ್ಯಾಬಿನ್ ಸೀಳಿದ್ದು ಸಿಕ್ಕರೆ ಬಿಡಬೇಡ, ಬೆಲೆ ಇಳಿಯುವುದು ಅಲ್ಲೇ. ಎರಡೂ ದಿಕ್ಕಿನಲ್ಲಿ ನಿಧಾನವಾಗಿ ಓಡುವ ವಿಡಿಯೊ ಕಳಿಸಿ ಅಂತ ಕೇಳು. ಜೋರಾಗಿ ಓಡಿಸಿದರೆ ಗಾಲಿಯ ಕುಂಟು ಮುಚ್ಚಿಹೋಗುತ್ತದೆ. ಎರಡು ಹಳಿಯಿಂದಲೇ ವಿದ್ಯುತ್ ತೆಗೆದುಕೊಳ್ಳುವ 12 ವೋಲ್ಟ್ ಡಿಸಿ ಎಂಜಿನ್ನೇ ಆಗಿರಲಿ. ಮ್ಯಾರ್‌ಕ್ಲಿನ್ ಕಂಪನಿಯ ಈ ಅಳತೆಯ ಎಂಜಿನ್‌ಗಳು ಹಳಿಯ ನಡುವಿನ ಗುಬಟುಗಳಿಂದ ವಿದ್ಯುತ್ ಪಡೆಯುತ್ತವೆ, ನಿನ್ನ ಹಳಿಗೆ ಹೊಂದುವುದಿಲ್ಲ.

ಮನೆಗೆ ತಂದ ಕೂಡಲೇ ಗರಗಸ ಹಿಡಿಯಬೇಡ. ಗಾಲಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಗೇರಿಗೆ ಸೂಜಿಮೊನೆಯಷ್ಟು ಎಣ್ಣೆ ಮುಟ್ಟಿಸಿ, ಅರ್ಧ ಗಂಟೆ ಮುಂದಕ್ಕೆ, ಅರ್ಧ ಗಂಟೆ ಹಿಂದಕ್ಕೆ ಓಡಿಸು. ಓಟ ಸರಿಯಿಲ್ಲದಿದ್ದರೆ ಮೇಲೆ ಎಂಥ ಕವಚ ಕೂರಿಸಿದರೂ ವ್ಯರ್ಥ.

ಕವಚಕ್ಕೆ ದುಡ್ಡು ಸುರಿಯುವ ಅಗತ್ಯವೇ ಇಲ್ಲ. ಬಾಯ್ಲರಿಗೆ ಪಿವಿಸಿ ಪೈಪಿನ ತುಂಡು, ಕ್ಯಾಬಿನ್ನಿಗೆ ಪ್ಲಾಸ್ಟಿಕ್ ಶೀಟು, ಹಿಡಿಕಂಬಿಗೆ ಮೋಟಾರ್ ವೈಂಡಿಂಗ್ ಅಂಗಡಿಯವರು ಬಿಸಾಡುವ ತಾಮ್ರದ ತಂತಿ ಸಾಕು. ಆ ತಂತಿ ಮಾತ್ರ ಕೆಳಗಿನ ಲೋಹದ ಚೌಕಟ್ಟಿಗೆ ತಾಗದಂತೆ ನೋಡಿಕೋ. ಎಷ್ಟೋ ಮಾದರಿಗಳಲ್ಲಿ ಚೌಕಟ್ಟಿನಲ್ಲೇ ವಿದ್ಯುತ್ ಹರಿಯುತ್ತಿರುತ್ತದೆ. ಕವಚವನ್ನು ಅಂಟಿಸಬೇಡ, ಎರಡು ಸ್ಕ್ರೂ ಹಾಕು, ನಾಳೆ ಮೋಟಾರು ಬಿಚ್ಚಬೇಕಾಗುತ್ತದೆ. ಪ್ಲಾಸ್ಟಿಕ್ಕು ಹಗುರ, ಗಾಲಿ ಸುಮ್ಮನೆ ಜಾರುತ್ತದೆ. ಕಾರಿನ ಚಕ್ರ ಬ್ಯಾಲೆನ್ಸ್ ಮಾಡುವಾಗ ಅಂಟಿಸುತ್ತಾರಲ್ಲ, ಆ ತೂಕದ ಬಿಲ್ಲೆಗಳನ್ನು ಆರು ದೊಡ್ಡ ಗಾಲಿಗಳ ನೇರಕ್ಕೆ ಒಳಗೆ ಕೂರಿಸು.

ಇನ್ನೊಂದು ಮಾತು. ಯುರೋಪಿನ ಎಂಜಿನ್ನಿನ ಮೂತಿಗೆ ಎರಡು ಬಫರ್ ಇರುತ್ತವೆ. ನಮ್ಮ ಮೀಟರ್ ಗೇಜಿನಲ್ಲಿ ಬಫರೂ ಕೊಂಡಿಯೂ ಒಂದೇ, ನಟ್ಟನಡುವೆ. ಇದೊಂದು ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದರೂ ಅದು ಮೈಸೂರಿನ ಎಂಜಿನ್ ಅನ್ನಿಸುವುದಿಲ್ಲ. ಮೈಸೂರಿನ ಸಿಎಫ್‌ಟಿಆರ್‌ಐ ಎದುರಿಗೆ 1979ರಿಂದ ರೈಲ್ವೆ ಮ್ಯೂಸಿಯಂ ಇದೆ, ಪುಸ್ತಕದ ಚಿತ್ರವನ್ನೇ ಯಾಕೆ ನಂಬುತ್ತೀಯ? ಅಲ್ಲಿರುವ ಇಎಸ್ ದರ್ಜೆಯ ಎಂಜಿನ್ನಿನ ಗಾಲಿ ಜೋಡಣೆಯೂ ವೈಪಿಯಂಥದ್ದೇ. ಅದರ ಮುಂದೆ ನಿಂತು ಪೈಪುಗಳು ಎಲ್ಲಿ ತಿರುಗುತ್ತವೆ, ಮೆಟ್ಟಿಲು ಎಲ್ಲಿ ಶುರುವಾಗುತ್ತದೆ ಅಂತ ಬರೆದುಕೋ. ದುಡ್ಡು ಕಳಿಸುವ ಮುಂಚೆ ಗಾಲಿಯ ಅಳತೆಯನ್ನು ಮಾರುವವನಿಂದ ಬರವಣಿಗೆಯಲ್ಲೇ ತರಿಸಿಕೊಂಡು ನನಗೊಮ್ಮೆ ತೋರಿಸು.