ಎರಡು ಸಾಲಿನ ಹಿಂಬರಹ

“ಈ ಹುಡುಗಿಯನ್ನ ಕರೆಸಿ ಕೇಳಿದ್ರಾ, ಪ್ರೊಫೆಸರ್?”

ಓಂಬುಡ್ಸ್‌ಪರ್ಸನ್ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಅವರು ನಿವೃತ್ತ ಜಿಲ್ಲಾ ನ್ಯಾಯಾಧೀಶರು. ನಾನು ವಿಶ್ವವಿದ್ಯಾಲಯದ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಯ ಅಧ್ಯಕ್ಷ. ವರ್ಷಗಟ್ಟಲೆ ಪಾಠ ಹೇಳಿದ ಬಾಯಿಗೆ ಆವತ್ತು ಉತ್ತರ ಹೊಳೆಯಲಿಲ್ಲ. ಕರೆಸಿದ್ದರೆ ತಾನೆ ಹೊಳೆಯುವುದು!

ಹುಡುಗಿ ಎಂ.ಎ. ಮೂರನೇ ಸೆಮಿಸ್ಟರಿನವಳು. ಒಂದು ಪತ್ರಿಕೆಯಲ್ಲಿ ಅವಳಿಗೆ 30ಕ್ಕೆ 11 ಆಂತರಿಕ ಅಂಕ ಬಂದಿತ್ತು. ನಾಲ್ಕು ಪುಟದ ದೂರು ಕೊಟ್ಟಿದ್ದಳು. ಅದರಲ್ಲಿ ಮೂರೂವರೆ ಪುಟ ಮೇಷ್ಟರ ಮೇಲಿನ ಸಿಟ್ಟು. ಕೊನೆಯಲ್ಲೆಲ್ಲೋ ಒಂದು ಸಾಲು: ‘ನಾನು ಸೆಮಿನಾರ್ ಕೊಟ್ಟಿದ್ದೇನೆ.’ ಟೀ ಬರುವಷ್ಟರಲ್ಲಿ ನಾವು ಅದನ್ನು ಮುಗಿಸಿಬಿಟ್ಟಿದ್ದೆವು. ಹಿಂಬರಹ ಎರಡೇ ಸಾಲು: ‘ಆಂತರಿಕ ಅಂಕ ನೀಡುವುದು ಸಂಬಂಧಪಟ್ಟ ಅಧ್ಯಾಪಕರ ವಿವೇಚನೆಗೆ ಬಿಟ್ಟ ವಿಷಯ. ಸದರಿ ದೂರನ್ನು ಮುಕ್ತಾಯಗೊಳಿಸಲಾಗಿದೆ.’ ಕೆಳಗೆ ನನ್ನ ಸಹಿ.

ಯುಜಿಸಿಯ 2023ರ ನಿಯಮಾವಳಿ ನನ್ನ ಮೇಜಿನ ಮೇಲೆಯೇ ಇತ್ತು. ವಿಚಾರಣೆಯ ದಿನ ಗೊತ್ತುಮಾಡಿ ವಿದ್ಯಾರ್ಥಿಗೆ ತಿಳಿಸಬೇಕು, ಅವಳು ತಾನೇ ಬರಬಹುದು, ತನ್ನ ಪರವಾಗಿ ಒಬ್ಬರನ್ನು ಕಳಿಸಲೂಬಹುದು ಎಂದು ಅದರಲ್ಲಿದೆ. ಸಮಿತಿಗೆ 15 ಕೆಲಸದ ದಿನಗಳ ಗಡುವೂ ಇದೆ. ನಾನು ಗಡುವನ್ನಷ್ಟೇ ಓದಿಕೊಂಡಿದ್ದೆ. ಬೇಗ ವಿಲೇವಾರಿ ಮಾಡಿದೆವೆಂಬ ಹೆಮ್ಮೆ ಬೇರೆ.

ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಓಂಬುಡ್ಸ್‌ಪರ್ಸನ್ ಬಳಿ ಮೇಲ್ಮನವಿ ಹಾಕಬಹುದು. ಅವಳು ಹಾಕಿದಳು. ನಿಜ ಹೇಳಬೇಕೆಂದರೆ ನನಗೆ ಮೈ ಉರಿಯಿತು. ಅಂಕದ ವಿಚಾರ ಅಲ್ಲಿ ನಿಲ್ಲುವುದಿಲ್ಲವೆಂದು ಧೈರ್ಯವೂ ಇತ್ತು. ಮರುಮೌಲ್ಯಮಾಪನ ಮಾಡಿಕೊಡಿ ಎಂಬ ಮನವಿಯನ್ನು ಅವರು ತೆಗೆದುಕೊಳ್ಳುವಂತಿಲ್ಲ. ಫಲಿತಾಂಶವನ್ನೇ ಬದಲಿಸುವಂಥ ನಿರ್ದಿಷ್ಟ ಲೋಪವನ್ನೋ ತಾರತಮ್ಯವನ್ನೋ ತೋರಿಸಿದರೆ ಮಾತ್ರ ಕೇಳಬಹುದು.

ವಿಚಾರಣೆಯ ದಿನ ಅವಳು ಬಾಗಿಲ ಬಳಿಯೇ ನಿಂತಿದ್ದಳು. ನ್ಯಾಯಾಧೀಶರು ಮೊದಲು ಕೂರಿಸಿದರು. ಅವಳು ಮೇಷ್ಟರ ಹಳೆಯ ಸಂಗತಿಗಳನ್ನೆಲ್ಲ ಎತ್ತಿಕೊಂಡಾಗ ಮೆತ್ತಗೆ ತಡೆದರು: “ಅವರು ಎಂಥವರು ಅನ್ನೋದು ಇರಲಿ ತಾಯಿ. ನಿನಗೆ ಏನಾಯ್ತು, ಯಾವತ್ತು ಆಯ್ತು, ಅಷ್ಟು ಹೇಳು.”

ಆಗ ವಿಷಯ ಹೊರಬಿತ್ತು. ಸೆಮಿನಾರಿನ ದಿನ ಅವಳಿಗೆ ಜ್ವರ. ಮೇಷ್ಟರ ಅನುಮತಿ ಪಡೆದು ಎರಡು ದಿನ ಬಿಟ್ಟು ಕೊಟ್ಟಿದ್ದಳು. ನ್ಯಾಯಾಧೀಶರು ವಿಭಾಗದ ಸೆಮಿನಾರ್ ವಹಿಯನ್ನು ತರಿಸಿದರು. ಅವಳ ಹೆಸರು, ವಿಷಯ, ತಾರೀಖು, ಪಕ್ಕದಲ್ಲಿ ಮೇಷ್ಟರ ಕೈಬರಹದಲ್ಲೇ ಹತ್ತಕ್ಕೆ ಎಂಟು. ಪರೀಕ್ಷಾ ವಿಭಾಗಕ್ಕೆ ಹೋದ ಪಟ್ಟಿಯನ್ನು ಮಾತ್ರ ಅದಕ್ಕೂ ಮುಂಚೆಯೇ ಟೈಪ್ ಮಾಡಲಾಗಿತ್ತು. ಅಲ್ಲಿ ‘ಗೈರು’, ಸೊನ್ನೆ. ಮೇಷ್ಟರು ವಹಿ ನೋಡಿ ಹಣೆ ಹಿಡಿದುಕೊಂಡರು.

ಆದೇಶ ಒಂದೂವರೆ ಪುಟ. ದ್ವೇಷದ ಆರೋಪಕ್ಕೆ ಆಧಾರವಿಲ್ಲ. ಎಂಟು ಅಂಕ ಬಿಟ್ಟುಹೋಗಿರುವುದು ಲೋಪ, ಸರಿಪಡಿಸಿ. ವಿದ್ಯಾರ್ಥಿನಿಯನ್ನು ಕೇಳದೆ ತೀರ್ಮಾನಿಸಿದ್ದು ಸಮಿತಿಯ ತಪ್ಪು. ಒಂದೊಂದಕ್ಕೂ ಕಾರಣ ಬರೆದಿತ್ತು. ಅವಳ ಮಾತೆಲ್ಲವನ್ನೂ ಒಪ್ಪಿರಲಿಲ್ಲ. ಆದರೂ ಅದನ್ನು ಓದಿ ಅವಳು ತಕರಾರೆತ್ತಲಿಲ್ಲ. ನಾನು ತಿಂಗಳುಗಟ್ಟಲೆ ಯೋಚಿಸಿದ್ದು ಇದನ್ನೇ. ನಮ್ಮ ಹಿಂಬರಹ ಅವಳನ್ನು ಮೇಲ್ಮನವಿಗೆ ಅಟ್ಟಿತ್ತು. ಅರ್ಧ ವಿರುದ್ಧವಾಗಿದ್ದ ಈ ಆದೇಶ ಅವಳನ್ನು ಸಮಾಧಾನ ಮಾಡಿತ್ತು.

ಓಂಬುಡ್ಸ್‌ಮನ್ ಎಂಬುದು ಸ್ವೀಡನ್ನಿನ ಪದ. ಅಲ್ಲಿನ ಸಂಸತ್ತು ಜನರ ಪರವಾಗಿ ಅಧಿಕಾರಿಗಳ ಮೇಲೆ ಕಣ್ಣಿಡಲು ಇಂಥವರನ್ನು ನೇಮಿಸುವ ವ್ಯವಸ್ಥೆ 1809ರ ಸಂವಿಧಾನದಿಂದ ಬಂದದ್ದು. ಅಮೆರಿಕದ ಕ್ಯಾಂಪಸ್ಸುಗಳಲ್ಲಿ ಸಾಮಾನ್ಯವಾಗಿ ಇವರು ಆದೇಶ ಕೊಡುವುದಿಲ್ಲ. ಗುಟ್ಟಾಗಿ ಕೇಳಿಸಿಕೊಂಡು ದಾರಿ ತೋರಿಸುತ್ತಾರೆ. ನಮ್ಮಲ್ಲಿ ಅವರು ಮೇಲ್ಮನವಿಯ ಕಟ್ಟೆ. ಸಮಿತಿಯ ಮೆಟ್ಟಿಲು ಹತ್ತಿಯೇ ಅಲ್ಲಿಗೆ ಹೋಗಬೇಕು. ಹಾಗಾಗಿ ನಮ್ಮ ಮೆಟ್ಟಿಲು ಸಡಿಲವಾಗಿದ್ದರೆ ಹುಡುಗರು ಬೀಳುವುದು ಅಲ್ಲೇ.

ಅಲ್ಲಿಂದೀಚೆಗೆ ನಾವು ದೂರನ್ನು ತೀರ್ಮಾನಿಸುವ ಮೊದಲೇ ಸಂಬಂಧಪಟ್ಟ ವಹಿ ತರಿಸುತ್ತೇವೆ. ದೂರು ಕೊಟ್ಟವರನ್ನು ಕೂರಿಸಿ ಕೇಳುತ್ತೇವೆ. ‘ಇಲ್ಲ’ ಎನ್ನುವಾಗ ಯಾಕಿಲ್ಲವೆಂದು ಬರೆಯುತ್ತೇವೆ. ಹುಡುಗರಿಗೂ ಒಂದು ಮಾತು ಹೇಳುತ್ತೇನೆ: ಸಿಟ್ಟನ್ನು ಮನೆಯಲ್ಲಿ ಬರೆದು ಹರಿದುಹಾಕಿ. ಅರ್ಜಿಯಲ್ಲಿ ತಾರೀಖು, ನಡೆದದ್ದು, ನಿಮಗೆ ಬೇಕಾದದ್ದು, ಇಷ್ಟಿರಲಿ. ಟಪಾಲಿಗೆ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ನಾಲ್ಕನೇ ಸೆಮಿಸ್ಟರ್ ಮುಗಿದ ಮೇಲೆ ಅವಳು ಒಂದು ಫಾರಂಗೆ ಸಹಿ ಹಾಕಿಸಲು ಬಂದಿದ್ದಳು. ಸಹಿ ಹಾಕುತ್ತಾ, ಅಷ್ಟು ದೂರ ಹೋಗುವ ಧೈರ್ಯ ಹೇಗೆ ಬಂತಮ್ಮ ಎಂದೆ.

“ಧೈರ್ಯ ಏನಿಲ್ಲ ಸರ್. ವಹಿ ನೋಡಿ ಅಂತ ಹೇಳೋಕೆ ಇಲ್ಲಿ ಯಾರೂ ಸಿಗಲಿಲ್ಲ.”